ಹಿಂದಿನ ಆಕ್ಸಲ್ಲಿನ ಭಾರ

ಪೆಟ್ಟಿಗೆಗಳನ್ನೆಲ್ಲ ತುಂಬಿ ಹಿಂಬಾಗಿಲು ಹಾಕಿದ ಕೂಡಲೇ ನನ್ನ ಗಾಡಿ ಮೂಗು ಮೇಲೆತ್ತಿ ಕುಕ್ಕರಗಾಲಲ್ಲಿ ಕೂತಿತು. ಹಿಂದಿನ ಚಕ್ರಕ್ಕೂ ಅದರ ಮೇಲಿನ ತಗಡಿಗೂ ನಡುವೆ ಇಡೀ ಅಂಗೈ ತೂರುತ್ತಿದ್ದ ಜಾಗದಲ್ಲಿ ಈಗ ಎರಡು ಬೆರಳು ತೂರಿಸುವುದೂ ಕಷ್ಟವಾಯಿತು. ಅಗ್ರಹಾರದಲ್ಲಿ ಅಕ್ಕನ ಮನೆಯ ಬೀದಿಗೆ ದೊಡ್ಡ ಗಾಡಿ ನುಗ್ಗುವುದಿಲ್ಲ. ಹಾಗಾಗಿ ತಿರುವಿನಲ್ಲೇ ನಿಲ್ಲಿಸಿ, ಒಂದೊಂದೇ ಪೆಟ್ಟಿಗೆ ಹೊತ್ತು ತಂದಿದ್ದೆವು. ಮೂಲೆಮನೆಯ ಜಗುಲಿಯಲ್ಲಿ ಕೂತಿದ್ದ ಅಕ್ಕ, "ಏನೇ ಇದು, ತುಂಬಿದ ಬಸುರಿ ಹಂಗೆ ಕೂತ್ಬುಡ್ತು" ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ವಿಮೆಯವರ ಪರವಾಗಿ ಅಪಘಾತದ ಗಾಡಿಗಳನ್ನು ಸರ್ವೆ ಮಾಡಿ ಅನ್ನ ತಿಂದವಳು ನಾನು. ಹಿಂಭಾಗ ಕುಸಿದ ಗಾಡಿ ಏನು ಮಾಡುತ್ತದೆ ಎನ್ನುವುದು ನನಗೆ ಬಾಯಿಪಾಠ. ಮುಂದಿನ ಚಕ್ರ ನೆಲ ಕಚ್ಚುವುದಿಲ್ಲ, ಸ್ಟೀರಿಂಗ್ ಹಗುರಾಗುತ್ತದೆ, ಬ್ರೇಕ್ ಒತ್ತಿದರೆ ಅದು ತನಗೆ ತೋಚಿದ ಕಡೆ ಹೋಗುತ್ತದೆ.

ಆ ಪೆಟ್ಟಿಗೆಗಳಲ್ಲಿ ಇದ್ದದ್ದು ಅಕ್ಕನ ಜೀವ. ಅವಳ ಎರಡೂ ಕಿಡ್ನಿ ಕೈಕೊಟ್ಟು ಐದು ವರ್ಷವಾಗಿತ್ತು. ಆಸ್ಪತ್ರೆಯ ಯಂತ್ರದ ಬದಲು ಅವಳಿಗೆ ಮನೆಯಲ್ಲೇ, ಹೊಟ್ಟೆಯ ಮೂಲಕ ಡಯಾಲಿಸಿಸ್ ನಡೆಯುತ್ತಿತ್ತು. ಹೊಟ್ಟೆಯಿಂದ ಹೊರಗೆ ಬಂದಿರುವ ಸಣ್ಣ ನಳಿಕೆಗೆ ಎರಡು ಲೀಟರಿನ ದ್ರವದ ಚೀಲ ಜೋಡಿಸಬೇಕು, ಒಳಗಿರುವ ಹಳೆಯ ದ್ರವ ಇಳಿಸಿ ಹೊಸದನ್ನು ತುಂಬಬೇಕು. ಬೆಳಿಗ್ಗೆ ಆರಕ್ಕೆ, ಹನ್ನೊಂದಕ್ಕೆ, ಸಂಜೆ ನಾಲ್ಕಕ್ಕೆ, ಮತ್ತೆ ಮಲಗುವ ಮುಂಚೆ. ದಿನಕ್ಕೆ ನಾಲ್ಕು ಚೀಲ, ಅಂದರೆ ಎಂಟು ಲೀಟರ್. ನಮ್ಮದು ಹದಿನೆಂಟು ದಿನದ ಪ್ರಯಾಣ, ದಾರಿಯಲ್ಲಿ ಏನಾದರೂ ಆದರೆ ಅಂತ ಇನ್ನು ಮೂರು ದಿನದ್ದು ಹೆಚ್ಚಿಗೆ. ಎರಡು ಕ್ವಿಂಟಾಲಿಗೆ ಒಂಚೂರು ಕಡಿಮೆ ತೂಗುವ ಆ ದ್ರವದಲ್ಲಿ ಒಂದು ಚೀಲವನ್ನೂ ಬಿಡುವಂತಿರಲಿಲ್ಲ.

ಹೊರಟಿದ್ದದ್ದು ಗುಜರಾತಿನ ಉಪ್ಪಿನ ಮರುಭೂಮಿಗೆ, ಕಛ್‌ನ ಬಿಳಿ ರಣಕ್ಕೆ. ಅಕ್ಕ ಸರ್ಕಾರಿ ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿದವಳು. ಭಾರತದ ನಕ್ಷೆಯನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯುತ್ತಿದ್ದ ಈ ಮಹಾತಾಯಿ ತಿರುಪತಿಯಿಂದಾಚೆ ಕಾಲಿಟ್ಟಿರಲಿಲ್ಲ. ಕಳೆದ ತಪಾಸಣೆಯಲ್ಲಿ ಅವಳ ಡಾಕ್ಟರು, ಹೊಟ್ಟೆಯ ಒಳಪೊರೆ ಸೋಲುತ್ತಿದೆ, ಇನ್ನು ಕೆಲವೇ ತಿಂಗಳಲ್ಲಿ ವಾರಕ್ಕೆ ಮೂರು ದಿನ ಆಸ್ಪತ್ರೆಯ ಯಂತ್ರಕ್ಕೆ ಬರಬೇಕಾಗುತ್ತದೆ ಎಂದರು. ಆಮೇಲೆ ಊರು ಬಿಡುವ ಮಾತೇ ಇಲ್ಲ. "ಎಲ್ಲಿಗಾದ್ರೂ ಹೋಗೋ ಆಸೆ ಇದ್ರೆ ಈಗ್ಲೇ ಹೋಗ್ಬನ್ನಿ ಅಮ್ಮಾ" ಎಂದರು. ಅಕ್ಕ ಹೊರಗೆ ಬಂದವಳೇ ನನ್ನ ಕಡೆ ತಿರುಗಿ, "ಕರ್ಕೊಂಡೋಗ್ತೀಯಾ?" ಎಂದಳು. ಆಗುವುದಿಲ್ಲ ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ದ್ರವ ಪೂರೈಸುವವರು ದೊಡ್ಡ ಊರುಗಳಿಗೆ ಕಳಿಸಿಕೊಡುತ್ತೇವೆ ಅಂದರೇ ಹೊರತು, ಇಂಥ ದಿನ ಇಂಥ ಹೊತ್ತಿಗೆ ಸಿಕ್ಕೇ ಸಿಗುತ್ತದೆ ಅಂತ ಬರೆದುಕೊಡಲು ಯಾರೂ ತಯಾರಿರಲಿಲ್ಲ. ಹಾಗಾಗಿ ಎಲ್ಲವನ್ನೂ ನನ್ನ ಫೋರ್ ವೀಲ್ ಡ್ರೈವ್ ಗಾಡಿಯಲ್ಲೇ ಹೊತ್ತೊಯ್ಯುವುದು ಅಂತ ತೀರ್ಮಾನವಾಯಿತು.

ಭಾವನಿಗೆ ಈ ಪ್ರಯಾಣವೇ ಬೇಡವಾಗಿತ್ತು. ಅಂಚೆ ಕಚೇರಿಯಲ್ಲಿ ನಿವೃತ್ತರಾದ ಮನುಷ್ಯ. ಬೀಗ ಹಾಕಿದ ಮೇಲೆ ನಾಲ್ಕು ಸಲ ಎಳೆದು ನೋಡುವ ಜಾತಿ. ಸಕ್ಕರೆ ಕಾಯಿಲೆಯಿಂದ ಅಕ್ಕನ ಬೆರಳುಗಳು ಜೋಮು ಹಿಡಿದಂತಾಗಿದ್ದರಿಂದ ಚೀಲ ಬದಲಾಯಿಸುವುದು ಐದು ವರ್ಷದಿಂದಲೂ ಅವರ ಕೆಲಸವೇ ಆಗಿತ್ತು. ಕಿಟಕಿ ಬಾಗಿಲು ಹಾಕಿ, ಫ್ಯಾನ್ ಆರಿಸಿ, ಮುಖಕ್ಕೆ ಮಾಸ್ಕ್ ಕಟ್ಟಿ, ಮೊಣಕೈವರೆಗೆ ತೊಳೆದುಕೊಂಡು ಮಾಡುತ್ತಿದ್ದರು. ನಳಿಕೆಯ ತುದಿಗೆ ಒಂದು ಧೂಳಿನ ಕಣ ತಾಗಿದರೂ ಹೊಟ್ಟೆಯೊಳಗೆ ಸೋಂಕಾಗಿ ಪ್ರಾಣಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ನಾನು ಯಾವತ್ತೂ ಆ ಕೋಣೆಯೊಳಗೆ ಇದ್ದವಳಲ್ಲ. ಅವರು ಬಿಡುತ್ತಿರಲಿಲ್ಲ ಅಂತ ಎಲ್ಲರಿಗೂ ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಚಪ್ಪಟೆಯಾದ ಬಸ್ಸಿನೊಳಗೆ ಟಾರ್ಚ್ ಹಿಡಿದು ತೂರಿದವಳಿಗೆ ಅಕ್ಕನ ಹೊಟ್ಟೆಯ ಆ ಬೆರಳುದ್ದದ ನಳಿಕೆಯನ್ನು ನೋಡುವ ಧೈರ್ಯವಿರಲಿಲ್ಲ.

ಕುಸಿದ ಗಾಡಿಯನ್ನು ಹಾಗೇ ಹೂಟಗಳ್ಳಿಯ ಒಂದು ಶೆಡ್ಡಿಗೆ ಹೊಡೆದುಕೊಂಡು ಹೋದೆ. ಅಲ್ಲಿಯ ಮೆಕ್ಯಾನಿಕ್ಕಿಗೂ ನನಗೂ ಹಳೆಯ ದ್ವೇಷ. ಹಿಂದೊಮ್ಮೆ ಅವನ ಎಸ್ಟಿಮೇಟಿನ ಅರ್ಧ ಭಾಗಕ್ಕೆ ನಾನು ಕೆಂಪು ಗೆರೆ ಎಳೆದಿದ್ದೆ. ಮರುದಿನ ಅವನು ಮುರಿದ ಭಾಗವನ್ನು ಗೋಣಿಚೀಲದಲ್ಲಿ ಹೊತ್ತುತಂದು ನನ್ನ ಮೇಜಿನ ಮೇಲೆ ಧೊಪ್ಪನೆ ಕುಕ್ಕಿದ. ಹೊಸ ಸೀಳು ಯಾವುದು, ಹಳೆಯದು ಯಾವುದು ಅಂತ ಬೆರಳಿಟ್ಟು ತೋರಿಸಿದ. ಅವನು ಹೇಳಿದ್ದೇ ಸರಿಯಾಗಿತ್ತು. ಮೈಸೂರಿನಲ್ಲಿ ನನ್ನ ಜೊತೆ ಜಗಳವಾಡಿ ಗೆದ್ದ ಮೆಕ್ಯಾನಿಕ್ ಅವನೊಬ್ಬನೇ. ಅದಕ್ಕೇ ಅವನ ಹತ್ತಿರ ಹೋದೆ.

ದಪ್ಪ ಸ್ಪ್ರಿಂಗ್ ಹಾಕಿಸುವುದು ಅಂತ ಮನಸ್ಸಿನಲ್ಲಿ ಆಗಲೇ ನಿಶ್ಚಯ ಮಾಡಿಕೊಂಡಿದ್ದೆ. ಅವನು ಹಿಂದಿನ ಚಕ್ರದ ಪಕ್ಕ ಕೂತು ಒಳಗೆ ಇಣುಕಿ ನೋಡಿ, ಪೆಟ್ಟಿಗೆಗಳಲ್ಲಿ ಏನಿದೆ ಅಂತ ಕೇಳಿ ತಿಳಿದುಕೊಂಡ.

"ದಪ್ಪ ಸ್ಪ್ರಿಂಗ್ ಆಕ್ಬೋದು ಮೇಡಂ. ಒರಡೋ ದಿನ ಗಾಡಿ ಗತ್ತಾಗಿ ನಿಂತ್ಕತದೆ. ಆದ್ರೆ ನಿಮ್ ಭಾರ ದಿನಾ ದಿನಾ ಕರಗ್ತಾ ಓಯ್ತದೆ ಅಲ್ವಾ? ವಾಪಸ್ ಬರೋವಾಗ ಗಾಡಿ ಖಾಲಿ, ಸ್ಪ್ರಿಂಗ್ ಮಾತ್ರ ಅಂಗೇ ಗಟ್ಟಿ. ಒಂದೊಂದ್ ಗುಂಡಿಗೂ ಅಮ್ಮಾವ್ರ ಒಟ್ಟೆಗೆ ಗುದ್ದು ಬೀಳ್ತದೆ. ಎರಡು ಲೀಟ್ರು ನೀರು ಒಳಗೇ ಇಟ್ಕೊಂಡು ಎಂಗೆ ತಡ್ಕೊತಾರೆ?"

ನನಗೆ ಹೊಳೆಯದೇ ಇದ್ದ ಮಾತು ಅದು. ಗಾಡಿಗೆ ಏನಾಗುತ್ತದೆ ಅಂತ ನಾನು ಯೋಚಿಸಿದ್ದೆ, ಅಕ್ಕನಿಗೆ ಏನಾಗುತ್ತದೆ ಅಂತ ಅವನು ಯೋಚಿಸಿದ. ಸಿಟ್ಟು ಬಂತು, ಅವನ ಮೇಲಲ್ಲ.

ಅವನ ಸಲಹೆ ಏರ್‌ಬ್ಯಾಗ್ ಹಾಕಿಸಿ ಎಂದು. ಅಪಘಾತವಾದಾಗ ಸ್ಟೀರಿಂಗಿನಿಂದ ಉಬ್ಬುವಂಥದ್ದಲ್ಲ. ಇದು ಹಿಂದಿನ ಸುರುಳಿ ಸ್ಪ್ರಿಂಗಿನ ಒಳಗೇ ಕೂರುವ ಗಟ್ಟಿ ಉರುಳೆ. ಅದಕ್ಕೆ ಟಯರಿನ ಹಾಗೆ ಗಾಳಿ ತುಂಬಿದರೆ ಕುಸಿದ ಗಾಡಿ ಮೇಲೇಳುತ್ತದೆ. ಭಾರ ಕಡಿಮೆಯಾದಂತೆಲ್ಲ ಗಾಳಿಯನ್ನೂ ಇಳಿಸುತ್ತ ಬಂದರೆ ಕೊನೆಯ ದಿನವೂ ಗಾಡಿ ಮೆತ್ತಗೇ ಓಡುತ್ತದೆ. ಎರಡೂ ಕಡೆಯ ಬ್ಯಾಗಿಗೆ ಒಂದೇ ಕೊಳವೆ ಕೂಡಿಸುವುದು ಬೇಡ, ತಿರುವಿನಲ್ಲಿ ಗಾಳಿ ಈ ಕಡೆಯಿಂದ ಆ ಕಡೆಗೆ ನುಗ್ಗಿ ಗಾಡಿ ಇನ್ನಷ್ಟು ವಾಲುತ್ತದೆ, ಎರಡಕ್ಕೂ ಬೇರೆ ಬೇರೆ ವಾಲ್ವ್ ಇರಲಿ ಎಂದೆ. "ಅಂತೂ ಒಂದ್ ವಿಷಯಕ್ಕಾದ್ರೂ ಗೆರೆ ಎಳೀದೆ ಒಪ್ಕೊಂಡ್ರಲ್ಲ" ಅಂತ ಅವನು ಹಲ್ಲು ಬಿಟ್ಟ.

ಎರಡು ದಿನದಲ್ಲಿ ಕೂರಿಸಿಕೊಟ್ಟ. ಹಿಂದಿನ ಬಂಪರಿನ ಕೆಳಗೆ, ಎಡಕ್ಕೊಂದು ಬಲಕ್ಕೊಂದು ವಾಲ್ವ್. ದಿನಾ ಬೆಳಿಗ್ಗೆ ಗೇಜ್ ಇಟ್ಟು ಎರಡನ್ನೂ ನೋಡಿ ಎಂದ. ಗಾಳಿ ಪೂರ್ತಿ ಇಳಿದ ಮೇಲೆ ಮಾತ್ರ ಒಂದು ಮೈಲಿಯೂ ಓಡಿಸಬೇಡಿ, ಬ್ಯಾಗು ಸ್ಪ್ರಿಂಗಿನ ಸುತ್ತುಗಳ ನಡುವೆ ಸಿಕ್ಕಿ ಹರಿದುಹೋಗುತ್ತದೆ ಎಂದೂ ಹೇಳಿದ.

ಹೊರಡುವುದಕ್ಕೆ ಆರು ದಿನ ಮುಂಚೆ, ಒಂದು ಶುಕ್ರವಾರ, ಪೂರ್ತಿ ಭಾರ ಹೇರಿಕೊಂಡು ಚಾಮುಂಡಿ ಬೆಟ್ಟ ಹತ್ತಿ ಇಳಿದು ನೋಡುವುದು ಅಂತ ಮಾತಾಯಿತು. ಹನ್ನೊಂದು ಗಂಟೆಯ ಚೀಲವನ್ನು ಗಾಡಿಯೊಳಗೇ ಬದಲಾಯಿಸಿ ಅದರ ಅಭ್ಯಾಸವೂ ಆಗಲಿ ಅಂತಿದ್ದೆವು. ಭಾವ ಒಂದು ಷರತ್ತು ಹಾಕಿದರು. "ಇವತ್ತು ಏನಾದ್ರೂ ಸ್ವಲ್ಪ ಎಡವಟ್ಟಾದ್ರೂ ಈ ಮಾತು ಇಲ್ಲಿಗೇ ನಿಲ್ಬೇಕು. ನಾಳೆ ಮತ್ತೆ ನೋಡೋಣ ಅನ್ನೋ ಹಾಗಿಲ್ಲ." ಅಕ್ಕ ಒಪ್ಪಿದಳು. ನಾನೂ ಒಪ್ಪಿದೆ.

ಬೆಳಿಗ್ಗೆ ತಿರುವಿನಲ್ಲಿ ಗಾಡಿ ನಿಲ್ಲಿಸಿ ಎರಡೂ ಬ್ಯಾಗಿಗೆ ಗಾಳಿ ತುಂಬಿದೆ. ಗಾಡಿ ಮಣೆಯ ಮೇಲೆ ಕೂತ ಮದುಮಗನ ಹಾಗೆ ನೆಟ್ಟಗಾಯಿತು. ಅಷ್ಟರಲ್ಲಿ ಅಕ್ಕ ತಟ್ಟೆ ಹಿಡಿದುಕೊಂಡು ಬಂದಳು. ಪೂಜೆ ಮಾಡದೆ ಗಾಡಿ ಎಬ್ಬಿಸುವ ಪದ್ಧತಿ ನಮ್ಮ ಮನೆತನದಲ್ಲಿಲ್ಲ. ಅವಳು ನಿಧಾನವಾಗಿ ಸುತ್ತ ಬಂದು ಅರಿಶಿನ ಕುಂಕುಮ ಹಚ್ಚುತ್ತಿದ್ದಳು, ನಾನು ಪಂಪು ಸುತ್ತಿಟ್ಟು ನೀರಿನ ಕ್ಯಾನುಗಳನ್ನು ಕಟ್ಟುತ್ತಿದ್ದೆ.

ಹತ್ತುವಾಗ ಗಾಡಿ ಹೂವಿನ ಹಾಗೆ ಹತ್ತಿತು. ಮೇಲೆ ಹೋಗಿ, ದೂರದಿಂದಲೇ ಅಮ್ಮನವರಿಗೆ ಕೈ ಮುಗಿದು ಇಳಿಯತೊಡಗಿದೆವು. ಎರಡನೆಯ ತಿರುವಿನಲ್ಲಿ ಏನೋ ಸರಿಯಿಲ್ಲ ಅನ್ನಿಸಿತು. ಮೂರನೆಯದರಲ್ಲಿ ಅನುಮಾನ ಉಳಿಯಲಿಲ್ಲ. ಗಾಡಿ ಎಡಕ್ಕೆ ವಾಲಿತು, ತಿರುವು ಮುಗಿದರೂ ನೆಟ್ಟಗಾಗಲಿಲ್ಲ. ಹಿಂದೆ ಪೆಟ್ಟಿಗೆಗಳು ಒಂದಕ್ಕೊಂದು ಒರಗುವ ಸದ್ದು ಕೇಳಿಸಿತು. ಎದುರಿಗೆ ಬಸ್ಸೊಂದು ಹತ್ತಿ ಬರುತ್ತಿತ್ತು. ನನ್ನ ಅಂಗೈ ಬೆವರಿ ಸ್ಟೀರಿಂಗ್ ಜಾರಿತು. ನಾನು ನೋಡಿದ, ಫೋಟೋ ತೆಗೆದ, ರಿಪೋರ್ಟ್ ಬರೆದ ಗಾಡಿಗಳೆಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ಎಷ್ಟೋ ಗಾಡಿಗಳಲ್ಲಿ ಮುಂದಿನ ಸೀಟಿನ ಎಡಭಾಗವೇ ಉಳಿದಿರಲಿಲ್ಲ. ನನ್ನ ಎಡಕ್ಕೆ ಅಕ್ಕ ಕೂತಿದ್ದಳು.

ಮೊದಲನೆಯ ಗೇರಿಗೆ ಇಳಿಸಿ, ಬಸ್ಸಿಗೆ ದಾರಿ ಬಿಟ್ಟು, ತೆವಳಿಕೊಂಡು ಹೋಗಿ ಅಗಲವಾದ ಒಂದು ಅಂಚಿನಲ್ಲಿ ನಿಲ್ಲಿಸಿದೆ. ಗೇಜ್ ಇಟ್ಟರೆ ಬಲಕ್ಕೆ ಬೆಳಿಗ್ಗೆ ತುಂಬಿದಷ್ಟೇ ಇತ್ತು, ಎಡಕ್ಕೆ ಮುಳ್ಳು ಏಳಲೇ ಇಲ್ಲ. ಪಂಪನ್ನು ಅಗ್ರಹಾರದ ಜಗುಲಿಯಲ್ಲೇ ಮರೆತು ಬಂದಿದ್ದೆ. ಮೆಕ್ಯಾನಿಕ್ಕಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. ಅವನು ಪೂರ್ತಿ ಕೇಳಿಸಿಕೊಂಡು, "ಅಲ್ಲೇ ನಿಂತಿರಿ, ಅಳ್ಳಾಡಿಸ್ಬ್ಯಾಡಿ" ಅಂತ ಇಟ್ಟುಬಿಟ್ಟ.

"ಸಾಕು. ನಾನು ಹೇಳಿದ್ದೆ" ಎಂದರು ಭಾವ. ಅವರ ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ನಡುಕವಿತ್ತು. "ಹನ್ನೊಂದಾಯ್ತು. ಇವಳ ಚೀಲ ಬದಲಾಯಿಸ್ಬೇಕು."

ವಾಲಿದ ಗಾಡಿಯೊಳಗೇ ಅಕ್ಕನನ್ನು ಹಿಂದಿನ ಸೀಟಿಗೆ ದಾಟಿಸಿದರು. ಗಾಜುಗಳನ್ನೆಲ್ಲ ಏರಿಸಿದರು. ನಾನು ಹೊರಗುಳಿದೆ. ಬಿಸಿಲಿಗೆ ತಗಡು ಮುಟ್ಟಲಾಗುತ್ತಿರಲಿಲ್ಲ, ಒಳಗೆ ಎಸಿ ಇಲ್ಲ, ಗಾಳಿಯಿಲ್ಲ. ಒಂದು ಸಲ ತಿರುಗಿ ನೋಡಿದಾಗ ಗಾಜಿನಾಚೆ ಭಾವನ ಹಣೆಯ ಬೆವರು ಮಾಸ್ಕಿನೊಳಕ್ಕೆ ಇಳಿಯುತ್ತಿತ್ತು, ಅವರು ಒರೆಸಿಕೊಳ್ಳುವಂತಿರಲಿಲ್ಲ. ಅಕ್ಕ ಕಣ್ಣು ಮುಚ್ಚಿ ಒರಗಿದ್ದಳು. ನಾನು ಬೆನ್ನು ತಿರುಗಿಸಿ, ಕೆಳಗೆ ಹರಡಿದ್ದ ಊರು ನೋಡುತ್ತ ನಿಂತೆ. ಆಗ ನನಗೆ ಆದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ನನಗೆ ನಿರಾಳವಾಯಿತು. ಸದ್ಯ, ಇನ್ನು ಹೋಗಬೇಕಾಗಿಲ್ಲ, ತಪ್ಪು ನನ್ನದಲ್ಲ, ಗಾಳಿಯದು ಅಂತ.

ಮುಕ್ಕಾಲು ಗಂಟೆಗೆ ಮೆಕ್ಯಾನಿಕ್ಕು ಸ್ಕೂಟರಿನಲ್ಲಿ ಬಂದ, ಮುಂದೆ ಕಾಲುಪಂಪು ಇಟ್ಟುಕೊಂಡು. ಆ ಹೊತ್ತಿಗೆ ಒಳಗಿನ ಕೆಲಸ ಮುಗಿದು ಬಾಗಿಲು ತೆರೆದಿತ್ತು. ನೆಲದ ಮೇಲೆ ಮಲಗಿ ಕೆಳಗೆ ತೂರಿ, ಬ್ಯಾಗು, ಕೊಳವೆ ಎಲ್ಲ ತಡವಿ ನೋಡಿದ. ಎಲ್ಲೂ ಹರಿದಿರಲಿಲ್ಲ. ಗಾಳಿ ಹೊಡೆದು, ವಾಲ್ವಿನ ಬಾಯಿಗೆ ಸೋಪಿನ ನೀರು ಬಿಟ್ಟ. ಬುಳುಬುಳು ಅಂತ ಗುಳ್ಳೆ ಎದ್ದವು. ಒಳಗಿನ ಪಿನ್ನು ಬಿಚ್ಚಿ ಅಂಗೈಯಲ್ಲಿಟ್ಟು ನನಗೆ ತೋರಿಸಿದ. ಪಿನ್ನಿನ ಸುತ್ತ ಕೆಂಪಗೆ ಮೆತ್ತಿಕೊಂಡಿತ್ತು. ಅದು ಕುಂಕುಮ.

"ಯಾರು ಇದಕ್ಕೆ ಹಚ್ಚಿದ್ದು?" ಎಂದು ಕಿರುಚಿದೆ, ಯಾರು ಅಂತ ಗೊತ್ತಿದ್ದೂ.

"ನಾನೇ ಕಣೇ," ಎಂದಳು ಅಕ್ಕ. "ಚಕ್ರಕ್ಕೆಲ್ಲ ಹಚ್ಚಿ, ನನ್ ಭಾರ ಹೊರೋದಕ್ಕೇ ಹಚ್ಚದೆ ಬಿಡೋದು ಹೆಂಗೆ ಅನ್ನಿಸ್ತು."

"ನಿನ್ ನಳಿಕೆ ಹತ್ರ ಒಂದು ನೊಣ ಬರಂಗಿಲ್ಲ, ನಾನು ಕೆಮ್ಮಂಗಿಲ್ಲ! ಇದರ ಬಾಯೊಳಗೆ ನೀರಲ್ಲಿ ಕಲ್ಸಿದ ಕುಂಕುಮ ತುರುಕ್ತೀಯಾ? ಐದು ವರ್ಷದಿಂದ ಏನು ಕಲ್ತೆ ನೀನು?"

ಕಾಯಿಲೆಯ ಅಕ್ಕನ ಮೇಲೆ, ನಡುರಸ್ತೆಯಲ್ಲಿ, ಹೊರಗಿನವರ ಎದುರಿಗೆ. ಅವಳು ತನ್ನ ಬಲಗೈ ಬೆರಳುಗಳನ್ನು ನೋಡಿಕೊಂಡಳು. "ಮುಚ್ಚಳ ಇದೆ ಅಂದ್ಕೊಂಡೆ. ಬೆರಳಿಗೆ ಗೊತ್ತಾಗ್ಲಿಲ್ಲ" ಎಂದಳು.

ಮುಚ್ಚಳ! ನನ್ನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಗಾಳಿ ತುಂಬಿದ ಮೇಲೆ ಬಲದ ಮುಚ್ಚಳ ಹಾಕಿ ಎಡದ್ದನ್ನು ಜೇಬಿಗಿಳಿಸಿದ್ದವಳು ನಾನು. ಹೊರತೆಗೆದು ಎಲ್ಲರ ಎದುರಿಗೂ ಹಿಡಿದೆ. ಮುಖ ಎಲ್ಲಿಡಲಿ ಅನ್ನಿಸಿತು. ಮೆಕ್ಯಾನಿಕ್ಕು ಬೇರೆ ಕಡೆ ನೋಡುತ್ತ, ತನ್ನ ಡಬ್ಬಿಯಿಂದ ಹೊಸ ಪಿನ್ನೊಂದನ್ನು ಹುಡುಕಿದ.

ಅಕ್ಕ ಇಳಿದು ಬಂದು ನನ್ನ ಪಕ್ಕ ನಿಂತಳು. "ನಿಂಗೆ ಭಯ ಅಲ್ವೇನೇ?" ಎಂದಳು ಮೆಲ್ಲಗೆ.

"ಹೂಂ. ದಾರೀಲಿ ನಿಂಗೇನಾದ್ರೂ ಆದ್ರೆ ನಾನು ಬದುಕಲ್ಲ."

"ಅದನ್ನ ಹೇಳಕ್ಕೆ ಗಾಡಿ ಬೈಬೇಕಾ? ನಂಗೂ ಭಯವೇ. ಆದ್ರೆ ಹೋಗ್ದೆ ಇದ್ದುಬುಟ್ರೆ, ಆ ಮಿಷನ್ ಪಕ್ಕ ವಾರಕ್ಕೆ ಮೂರು ದಿನ ಮಲಗಿ ಅದನ್ನೇ ನೆನೆಸ್ಕೊಳ್ತೀನಲ್ಲ, ಆ ಭಯ ಇನ್ನೂ ಜಾಸ್ತಿ."

ಭಾವ ಕೇಳಿಸಿಕೊಂಡರು. ಷರತ್ತಿನ ಮಾತು ಎತ್ತಲಿಲ್ಲ.

ಗಾಳಿ ತುಂಬಿ, ಪಂಪು ಬಿಚ್ಚಿ, ಮೆಕ್ಯಾನಿಕ್ಕು ನನ್ನ ಕೈಯಿಂದ ಮುಚ್ಚಳ ಇಸಿದುಕೊಂಡು ತಾನೇ ತಿರುಗಿಸಿದ. ಎದ್ದು ನಿಂತು ಪೆಟ್ಟಿಗೆಗಳತ್ತ ನೋಡಿ, "ತೂಕ ಆಕಿಸಿದ್ರಾ ಮೇಡಂ?" ಎಂದ. ಹಾಕಿಸಿರಲಿಲ್ಲ. ಗಾಡಿ ಸಮನಾಗಿ ನಿಂತಿತ್ತಲ್ಲ, ನನ್ನ ಕಣ್ಣಿಗಿಂತ ದೊಡ್ಡ ತಕ್ಕಡಿ ಬೇಕೇ ಅಂತ ಬೀಗಿದ್ದೆ. "ಗಾಳಿ ಗಾಡೀನ ಎತ್ತುತದೆ, ಭಾರ ಅಷ್ಟೇ ಇರ್ತದೆ. ನೀವೇ ಎಷ್ಟು ಜನಕ್ಕೆ ಇದೇ ಮಾತು ಬರ್ದು ಕ್ಲೇಮ್ ತಳ್ಳಾಕಿಲ್ಲ?" ಎಂದ. ಅವನು ನನ್ನೆದುರು ಮತ್ತೊಮ್ಮೆ ಗೆದ್ದ.

ಹೂಟಗಳ್ಳಿಯ ಕಡೆ ಲಾರಿಗಳನ್ನು ತೂಗುವ ಒಂದು ವೇ ಬ್ರಿಡ್ಜಿಗೆ ಹೋದೆವು. ಅವನು ಸ್ಕೂಟರಿನಲ್ಲಿ ಮುಂದೆ, ನಾವು ಹಿಂದೆ. ಹಿಂದಿನ ಎರಡು ಚಕ್ರ ಮಾತ್ರ ಹಲಗೆಯ ಮೇಲೆ ಬರುವಂತೆ ನಿಲ್ಲಿಸಿ, ಜನ ಕೂತೇ ಇರಲಿ ಎಂದ. ಗುಮಾಸ್ತ ಕಿಟಕಿಯಿಂದ ಅಂಕಿ ಕೂಗಿದ. ಗಾಡಿಯ ಪುಸ್ತಕದಲ್ಲಿ ಹಿಂದಿನ ಆಕ್ಸಲ್ಲಿಗೆ ಇಷ್ಟೇ ಎಂದು ಬರೆದಿದ್ದಕ್ಕಿಂತ ಒಂದೂವರೆ ಕ್ವಿಂಟಾಲ್ ಹೆಚ್ಚು. ಮಟ್ಟಗೋಲು ಇಟ್ಟರೂ ಆಚೀಚೆ ಆಗದಷ್ಟು ನೆಟ್ಟಗೆ ನಿಂತ ಗಾಡಿ ಹೊರಲಾರದ್ದನ್ನು ಹೊತ್ತುಕೊಂಡು ನಿಂತಿತ್ತು. ಘಾಟಿಯಲ್ಲಿ ಆಕ್ಸಲ್ಲು ಮುರಿದರೆ ಎಷ್ಟು ಗಾಳಿ ತುಂಬಿದ್ದೆ ಎಂದು ಯಾರು ಕೇಳುತ್ತಾರೆ?

ಇಳಿಸಲು ಶುರುಮಾಡಿದೆ. ಎರಡನೆಯ ಸ್ಟೆಪ್ನಿ ಇಳಿಯಿತು, ನೀರಿನ ಕ್ಯಾನುಗಳು ಇಳಿದವು. ಭಾವ ಕಟ್ಟಿಸಿದ್ದ ಅಕ್ಕಿ, ಬೇಳೆ, ಹುಳಿಪುಡಿಯ ಡಬ್ಬಿ, ಸ್ಟೌ, ಕುಕ್ಕರ್ ಎಲ್ಲ ಇಳಿದವು. ನನ್ನ ಟೂಲ್ ಪೆಟ್ಟಿಗೆಯಲ್ಲಿ ಅರ್ಧ ತೆಗೆದೆ, ಬಟ್ಟೆಯ ಸೂಟ್‌ಕೇಸುಗಳನ್ನೂ ಇಳಿಸಿದೆ. ಪ್ರತಿ ಸಲವೂ ಗುಮಾಸ್ತ ಅಂಕಿ ಕೂಗುತ್ತಿದ್ದ. ಕೊನೆಗೆ ದ್ರವದ ಪೆಟ್ಟಿಗೆ ಬಿಟ್ಟರೆ ಇಳಿಸಲು ಏನೂ ಉಳಿಯಲಿಲ್ಲ. ಇನ್ನೂ ನಲವತ್ತು ಕಿಲೋ ಹೆಚ್ಚಿತ್ತು.

"ಆ ಮೂರು ದಿನದ್ದು ಹೆಚ್ಚಿಗೆ ಇದೆಯಲ್ಲ..." ಎಂದೆ.

"ಅದನ್ನ ಮುಟ್ಬೇಡ," ಎಂದರು ಭಾವ.

ನಾನು ಹೋಗಿ ಸ್ಟೀರಿಂಗಿನ ಮುಂದೆ ಕೂತೆ. ಮುಗಿಯಿತು ಅನ್ನಿಸಿತು. ಈ ಸಲ ನಿರಾಳವಾಗಲಿಲ್ಲ. ಅಕ್ಕ ಎದುರಿನ ಗಾಜನ್ನೇ ನೋಡುತ್ತಿದ್ದಳು.

ಹಿಂದೆ ಬಾಗಿಲು ತೆರೆಯಿತು. ಭಾವ ಇಳಿದು, ಬಾಗಿಲನ್ನು ಮೆಲ್ಲಗೆ ಹಾಕಿ, ಹಲಗೆಯಿಂದಾಚೆಗೆ ಹೋಗಿ ನಿಂತರು.

"ಈಗ ನೋಡಪ್ಪ," ಎಂದರು ಗುಮಾಸ್ತನಿಗೆ.

"ಸರಿ ಓಯ್ತು ಸಾರ್. ಲಿಮಿಟ್ ಒಳಗೇ ಐತೆ."

"ಏನ್ರೀ ಇದು? ಬಿಸಿಲಲ್ಲಿ ಯಾಕೆ ನಿಂತ್ರಿ, ಬನ್ನಿ ಹತ್ತಿ," ಎಂದಳು ಅಕ್ಕ.

ಐದು ವರ್ಷದಲ್ಲಿ ಒಂದು ರಾತ್ರಿಯೂ ಅವಳನ್ನು ಬಿಟ್ಟಿರದ ಮನುಷ್ಯ ಅವಳ ಕಡೆ ನೋಡಲಿಲ್ಲ. ಸುತ್ತಿ ಬಂದು ನನ್ನ ಕಿಟಕಿಯ ಹತ್ತಿರ ಬಗ್ಗಿದರು. "ಇವತ್ತು ನಾಲ್ಕು ಗಂಟೆ ಚೀಲ ನೀನೇ ಬದಲಾಯಿಸಮ್ಮ. ನಾನು ಮುಟ್ಟಲ್ಲ, ಪಕ್ಕದಲ್ಲಿ ನಿಂತು ಹೇಳ್ಕೊಡ್ತೀನಿ. ಇನ್ನೂ ಆರು ದಿನ ಇದೆ, ದಿನಕ್ಕೆ ನಾಲ್ಕು ಸಲ. ಅಷ್ಟು ಸಲ ಮಾಡಿದ್ರೆ ಬರುತ್ತೆ."

"ಹತ್ತಿ ರೀ," ಎಂದಳು ಅಕ್ಕ ಮತ್ತೊಮ್ಮೆ.

ಭಾವ ಹತ್ತಲಿಲ್ಲ. ಮೆಕ್ಯಾನಿಕ್ಕಿನ ಸ್ಕೂಟರಿನ ಹಿಂದೆ ಹೋಗಿ ಕೂತರು.